ಸೂಸಾನ ಕೊನೆಯ ತಾಲೀಮು

ಸಿಪಾಯಿಗಳ ಹೆಜ್ಜೆಗೆ ನುಡಿಯುವ ಬ್ಯಾಂಡಿನ ಮಾರ್ಚನ್ನು ಹಗುರವೆಂದು ಎಣಿಸುವ ರಸಿಕರುಂಟು. ಜಾನ್ ಫಿಲಿಪ್ ಸೂಸಾನ ಬಾಳನ್ನು ಬಲ್ಲ ನಾನು ಹಾಗೆ ಎಣಿಸಲಾರೆ.

ಆತನು 1854ರಲ್ಲಿ ವಾಷಿಂಗ್ಟನ್ ನಗರದಲ್ಲಿ ಜನಿಸಿದನು. ತಂದೆ ಅಮೆರಿಕದ ಮೆರೀನ್ ಪಡೆಯ ಬ್ಯಾಂಡಿನಲ್ಲಿ ಟ್ರಾಂಬೋನ್ ವಾದಕ. ಸರ್ಕಸ್ಸಿನವರೊಡನೆ ಓಡಿಹೋಗಲು ಹವಣಿಸಿದ ಮಗನನ್ನು ಆತನು 1868ರಲ್ಲಿ ಅದೇ ಬ್ಯಾಂಡಿಗೆ ಸೇರಿಸಿದನು. 1880ರಲ್ಲಿ ಆ ಹುಡುಗನೇ ಅದರ ನಾಯಕನಾದನು. 1892ರಲ್ಲಿ ಸ್ವಂತ ಬ್ಯಾಂಡನ್ನು ಕಟ್ಟಿದನು.

1896ರಲ್ಲಿ ತನ್ನ ವ್ಯವಸ್ಥಾಪಕನ ಮರಣವಾರ್ತೆಯನ್ನು ಕೇಳಿ ಯೂರೋಪಿನಿಂದ ಮರಳುವಾಗ, ಹಡಗಿನ ಮೇಲೆ ಆತನ ಮನಸ್ಸಿನಲ್ಲಿ ಒಂದು ಮಾರ್ಚ್ ಮೊಳಗಿತು. ನೆಲ ಮುಟ್ಟಿದ ಮೇಲೆ ಅದನ್ನು ಬರೆದಿಟ್ಟನು. ಅದೇ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’. 1987ರಲ್ಲಿ ಅಮೆರಿಕವು ಅದನ್ನು ತನ್ನ ರಾಷ್ಟ್ರೀಯ ಮಾರ್ಚ್ ಎಂದು ಅಂಗೀಕರಿಸಿತು.

5-3-1932ರಂದು, 77ರ ವಯಸ್ಸಿನಲ್ಲಿ, ಸೂಸಾ ಪೆನ್ಸಿಲ್ವೇನಿಯದ ರೆಡಿಂಗ್ ಪಟ್ಟಣದಲ್ಲಿ ರಿಂಗ್‌ಗೋಲ್ಡ್ ಬ್ಯಾಂಡಿನವರಿಗೆ ಕಚೇರಿಯ ತಾಲೀಮು ಮಾಡಿಸಿದನು. ಕೊನೆಗೆ ನುಡಿಸಿದ್ದು ಆ ಮಾರ್ಚನ್ನೇ. ಮರುದಿನ ಬೆಳಗಿನ ಜಾವ ಹೋಟೆಲಿನ ಕೋಣೆಯಲ್ಲಿ ತೀರಿಕೊಂಡನು. ಆ ಕಚೇರಿಯನ್ನು ನಡೆಸುವುದು ಆತನ ಪಾಲಿಗೆ ಬರಲಿಲ್ಲ. ಮೂವತ್ತೈದು ವರ್ಷ ಕೈಯಲ್ಲಿ ಪಳಗಿದ ಕೃತಿಯನ್ನು ಪರವೂರಿನ ವಾದಕರೊಡನೆ ಮತ್ತೆ ಮೊದಲಿಂದ ತಿದ್ದಲು ನಿಂತ ಆ ಮುದುಕನ ಶ್ರದ್ಧೆಯನ್ನು ನಾನು ಕಲೆಯ ಹಿರಿಮೆಯೆಂದೇ ಕರೆಯುತ್ತೇನೆ.