ಪದವಿಯಿಲ್ಲದ ಪ್ರಾಧ್ಯಾಪಕ ರಿಚರ್ಡ್ ಟಿಟ್ಮಸ್

ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಜೀವನ ಬರೆದುಕೊಡು ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದ್ದರು. ಬಿ.ಇ. ಓದಿದ ನಾನು ಯಾರಾದರೂ ವಿಜ್ಞಾನಿಯ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡದ್ದು ಮೇಷ್ಟ್ರ ವಿಷಯಕ್ಕೇ ಸೇರಿದವರನ್ನು. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ರಿಚರ್ಡ್ ಟಿಟ್ಮಸ್ 1907ರಲ್ಲಿ ಇಂಗ್ಲೆಂಡಿನ ಲೂಟನ್ ಪಟ್ಟಣದ ಬಳಿ ರೈತ ಕುಟುಂಬದಲ್ಲಿ ಹುಟ್ಟಿದರು. ಬೇಸಾಯ ಕೈಹಿಡಿಯಲಿಲ್ಲ. ಕುಟುಂಬ ಲಂಡನ್ನಿಗೆ ಬಂದು ನೆಲೆಸಿತು. ಹುಡುಗ 14ನೇ ವಯಸ್ಸಿಗೇ ಶಾಲೆ ಬಿಟ್ಟು, ಕೆಲವು ತಿಂಗಳು ಲೆಕ್ಕಪತ್ರ ಬರೆಯುವುದನ್ನು ಕಲಿತು ಕೆಲಸಕ್ಕೆ ಸೇರಿದ. 1926ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹೊತ್ತ ಟಿಟ್ಮಸ್ ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರಾದರು. ಅಲ್ಲಿ ದುಡಿದದ್ದು 16 ವರ್ಷ.

ಹಗಲು ಕಚೇರಿ, ರಾತ್ರಿ ಜನನ ಮರಣದ ಅಂಕಿಅಂಶಗಳ ಅಭ್ಯಾಸ. ಬಡವರಿರುವ ಪ್ರದೇಶಗಳಲ್ಲಿ ಸಾವು ಏಕೆ ಹೆಚ್ಚು ಎಂಬುದು ಅವರನ್ನು ಕಾಡಿದ ಪ್ರಶ್ನೆ. 1937ರಲ್ಲಿ ಮದುವೆಯಾದ ಪತ್ನಿ ಕೇ ಅವರ ಪ್ರೋತ್ಸಾಹವೂ ಇತ್ತು. 1938ರಲ್ಲಿ ಅವರ ಮೊದಲ ಪುಸ್ತಕ ಬಂತು. ಇಂಗ್ಲೆಂಡಿನ ಉತ್ತರ ಭಾಗ ಮತ್ತು ವೇಲ್ಸ್‌ನ ಜನ ಆಗ್ನೇಯ ಭಾಗದವರಿಗಿಂತ ಹೆಚ್ಚು ಸಾಯುತ್ತಿರುವುದನ್ನು ಅದು ಲೆಕ್ಕವಿಟ್ಟು ತೋರಿಸಿತು. ಬಡತನ ಹಣೆಬರಹವಲ್ಲ, ಸರಿಪಡಿಸಬಹುದಾದದ್ದು ಎಂಬುದು ಅದರ ಸಾರ.

ಎರಡನೇ ಮಹಾಯುದ್ಧದ ಸಮಯದಲ್ಲಿ ಸರ್ಕಾರ ಅವರನ್ನು ಕರೆದು ಯುದ್ಧಕಾಲದ ಜನಜೀವನದ ಇತಿಹಾಸ ಬರೆಯುವ ಕೆಲಸ ಕೊಟ್ಟಿತು. ನಗರಗಳಿಂದ ಹಳ್ಳಿಗಳಿಗೆ ಕಳಿಸಿದ ಮಕ್ಕಳು, ಬಾಂಬಿಗೆ ಮನೆ ಕಳೆದುಕೊಂಡವರು, ಆಸ್ಪತ್ರೆಗಳ ಸ್ಥಿತಿ, ಇವೆಲ್ಲ ಅದರಲ್ಲಿ ಬಂದವು. ಆ ಗ್ರಂಥ 1950ರಲ್ಲಿ ಪ್ರಕಟವಾಯಿತು. ಅದೇ ವರ್ಷ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅವರನ್ನು ಸಮಾಜ ಆಡಳಿತದ ಮೊದಲ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅವರಿಗೆ ಒಂದು ಪದವಿಯೂ ಇರಲಿಲ್ಲ!

ಅಲ್ಲಿಯವರೆಗೆ ಆ ವಿಭಾಗದ ಮುಖ್ಯ ಕೆಲಸ ಸಮಾಜ ಕಾರ್ಯಕರ್ತರಿಗೆ ತರಬೇತಿ ಕೊಡುವುದಾಗಿತ್ತು. ಆರೋಗ್ಯ, ವಸತಿ, ಪಿಂಚಣಿ ಯಾರಿಗೆ ತಲುಪುತ್ತದೆ, ಯಾರಿಗೆ ತಲುಪುವುದಿಲ್ಲ, ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಪರೀಕ್ಷಿಸುವ ಶಾಸ್ತ್ರವಾಗಿ ಟಿಟ್ಮಸ್ ಅದನ್ನು ಬೆಳೆಸಿದರು. ಬಡವರಿಗೆ ಕೊಡುವ ನೆರವು ಮಾತ್ರವಲ್ಲ, ಉಳ್ಳವರಿಗೆ ಸಿಗುವ ತೆರಿಗೆ ವಿನಾಯಿತಿ ಮತ್ತು ಕಂಪನಿಯ ಸೌಲಭ್ಯಗಳೂ ಒಂದು ಬಗೆಯ ಕಲ್ಯಾಣವೇ ಎಂದು ಅವರು 1955ರಲ್ಲೇ ವಾದಿಸಿದ್ದರು. ಇಂದು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಸಾಮಾಜಿಕ ನೀತಿ ಪದವಿ ವಿಷಯವಾಗಿರುವುದರಲ್ಲಿ ಅವರ ಪಾಲು ದೊಡ್ಡದು.

ಅವರ ಕೊನೆಯ ದೊಡ್ಡ ಕೃತಿ 1970ರಲ್ಲಿ ಬಂದದ್ದು, ರಕ್ತದಾನದ ಬಗ್ಗೆ. ಬ್ರಿಟನ್ನಿನಲ್ಲಿ ಜನ ರಕ್ತವನ್ನು ಉಚಿತವಾಗಿ ಕೊಡುತ್ತಿದ್ದರು. ಅಮೆರಿಕದಲ್ಲಿ ಬಹಳಷ್ಟು ರಕ್ತ ಮಾರಾಟದ ವಸ್ತುವಾಗಿತ್ತು. ಹಣದ ಅಗತ್ಯವಿರುವವನು ತನ್ನ ಕಾಯಿಲೆಯನ್ನು ಮುಚ್ಚಿಡಬಹುದು; ಆದ್ದರಿಂದ ಕೊಂಡ ರಕ್ತದಲ್ಲಿ ಕಾಮಾಲೆ ಹರಡುವ ಅಪಾಯ ಹೆಚ್ಚು ಎಂದು ಅವರು ತೋರಿಸಿದರು. 1973ರಲ್ಲಿ, 65ನೇ ವಯಸ್ಸಿನಲ್ಲಿ ಟಿಟ್ಮಸ್ ನಿಧನರಾದರು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿಯಿಂದ ಹಣ ಪಡೆದು ರಕ್ತ ಕೊಡುವುದು ನಿಷಿದ್ಧ.

ಈಗ ಕಾರಣ. ಕೆಲವು ವರ್ಷಗಳ ಹಿಂದೆ ನಮ್ಮ ಅಪ್ಪನ ಆಪರೇಷನ್‌ಗೆ ಎರಡು ಬಾಟಲಿ ರಕ್ತ ಬೇಕಾಯಿತು. ಆ ರಾತ್ರಿ ನನ್ನ ಸಂಬಳ ಯಾವ ಉಪಯೋಗಕ್ಕೂ ಬರಲಿಲ್ಲ. ಯಾರೋ ಕೊಟ್ಟಿದ್ದ ರಕ್ತ ಅಪ್ಪನನ್ನು ಉಳಿಸಿತು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಚ್ಚು ಅಂಕ ಬಂದವರು ಸೈನ್ಸ್, ಕಡಿಮೆ ಬಂದವರು ಆರ್ಟ್ಸ್ ಎಂದು ನಂಬಿ ಈ ಶಾಲೆಯಿಂದ ಹೊರಟವರಲ್ಲಿ ನಾನೂ ಒಬ್ಬ. ಆ ನಂಬಿಕೆ ತಪ್ಪೆಂದು ತಿಳಿಯಲು ಟಿಟ್ಮಸ್ ಅವರನ್ನು ಓದಬೇಕಾಯಿತು.

ಮೇಷ್ಟ್ರೇ, ನಿಮ್ಮ ಪಾಠದ ಬೆಲೆ ತಡವಾಗಿ ತಿಳಿಯಿತು, ಕ್ಷಮಿಸಿ. ಸುವರ್ಣ ಮಹೋತ್ಸವದ ದಿನ ಶಾಲೆಯ ಅಂಗಳದಲ್ಲಿ ಒಂದು ರಕ್ತದಾನ ಶಿಬಿರವೂ ನಡೆಯಲಿ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.