ಇಟ್ಟಿಗೆಗೆ ನವಜೀವವಿತ್ತ ಸ್ಥಪತಿ: ಫ್ರಾಂಕ್ ಲಾಯ್ಡ್ ರೈಟ್

ಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿಟ್ಟು, ಅಗ್ನಿಯಲ್ಲಿ ಬೇಯಿಸಿ ಇಟ್ಟಿಗೆಯನ್ನು ಪಡೆಯುವ ವಿದ್ಯೆಯು ಮಾನವನಿಗೆ ಸಹಸ್ರಾರು ವರ್ಷಗಳ ಹಿಂದೆಯೇ ಕರಗತವಾಗಿದ್ದಿತು. ಹರಪ್ಪ, ಮೊಹೆಂಜೊದಾರೊ ನಗರಗಳ ಭಿತ್ತಿಗಳೇ ಇದಕ್ಕೆ ಸಾಕ್ಷಿ. ಉಕ್ಕು, ಕಾಂಕ್ರೀಟು, ಗಾಜುಗಳ ಯುಗವು ಉದಯಿಸಿದಾಗ ಈ ಪುರಾತನ ವಸ್ತುವಿಗೆ ಇನ್ನು ಸ್ಥಾನವುಂಟೇ ಎಂಬ ಸಂದೇಹ ಮೂಡಿತು. ಕಾರ್ಯಾಲಯಗಳ ನಿರ್ಮಾಣದಲ್ಲಿ ಆ ಸಂದೇಹಕ್ಕೆ ಕೃತಿಯಿಂದಲೇ ಉತ್ತರವಿತ್ತವರಲ್ಲಿ ಅಮೆರಿಕದ ಸ್ಥಪತಿ ಫ್ರಾಂಕ್ ಲಾಯ್ಡ್ ರೈಟನು ಅಗ್ರಗಣ್ಯನು.

ರೈಟನು 1867ರ ಜೂನ್ 8ರಂದು ವಿಸ್ಕಾನ್ಸಿನ್ ರಾಜ್ಯದ ರಿಚ್‌ಲೆಂಡ್ ಸೆಂಟರ್ ಎಂಬಲ್ಲಿ ಜನಿಸಿದನು. ತಾಯಿಯು ತಂದಿತ್ತ ಫ್ರೋಬೆಲ್ ಪದ್ಧತಿಯ ಮರದ ತುಂಡುಗಳನ್ನು ಜೋಡಿಸುತ್ತ ಆಡಿದ ಆಟವೇ ಆತನ ಪ್ರಥಮ ಪಾಠವಾಯಿತು. ವಿಶ್ವವಿದ್ಯಾನಿಲಯದ ಪದವಿಯನ್ನು ಪೂರೈಸದೆ 1887ರಲ್ಲಿ ಶಿಕಾಗೋ ನಗರವನ್ನು ಸೇರಿ, ಲೂಯಿ ಸಲಿವನ್ ಎಂಬ ಪ್ರಸಿದ್ಧ ಸ್ಥಪತಿಯ ಬಳಿ ಅಭ್ಯಾಸಗೈದು, 1893ರಲ್ಲಿ ಸ್ವತಂತ್ರ ವೃತ್ತಿಯನ್ನು ಕೈಗೊಂಡನು.

1906ರಲ್ಲಿ ಬಫಲೋ ನಗರದಲ್ಲಿ ಮುಗಿದ ಲಾರ್ಕಿನ್ ಸಾಬೂನು ಸಂಸ್ಥೆಯ ಕಾರ್ಯಾಲಯವು ಆತನ ಪ್ರತಿಭೆಯನ್ನು ಜಗತ್ತಿಗೆ ತೋರಿತು. ಸುತ್ತಲೂ ರೈಲುಗಳ ಹೊಗೆ, ಮಸಿ. ಅದು ಒಳನುಸುಳದಂತೆ ರೈಟನು ಉಕ್ಕಿನ ಚೌಕಟ್ಟಿಗೆ ಕೆಂಪು ಇಟ್ಟಿಗೆಯ ಕವಚವನ್ನು ತೊಡಿಸಿದನು. ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಮೇಲಿನಿಂದ ಸೆಳೆದ ಗಾಳಿಯನ್ನು ಶೋಧಿಸಿ ಒಳಗೆ ಹರಿಸಿದನು. ನಡುವಣ ಅಂಕಣಕ್ಕೆ ಛಾವಣಿಯ ಗಾಜಿನಿಂದ ಬೆಳಕು ಇಳಿಯುತ್ತಿತ್ತು. ಹೊರಗೆ ಕೋಟೆಯಂತಿದ್ದ ಕಟ್ಟಡವು ಒಳಗೆ ಪ್ರಸನ್ನವಾಗಿದ್ದಿತು.

ಕೀರ್ತಿಯ ಹಿಂದೆಯೇ ಕಷ್ಟಪರಂಪರೆಯೂ ಬಂದಿತು. 1914ರಲ್ಲಿ ಆತನ ತಾಲಿಯೆಸಿನ್ ನಿವಾಸಕ್ಕೆ ಸೇವಕನೊಬ್ಬನು ಬೆಂಕಿಯಿಟ್ಟು, ಆತನ ಸಂಗಾತಿಯನ್ನೂ ಅವಳ ಮಕ್ಕಳನ್ನೂ ಒಳಗೊಂಡಂತೆ ಏಳು ಜನರನ್ನು ಬಲಿಗೊಂಡನು. 1929ರ ಆರ್ಥಿಕ ಕುಸಿತದ ತರುವಾಯ ಕೆಲಸವೇ ವಿರಳವಾಯಿತು. ಅವನ ಕಾಲವು ಮುಗಿಯಿತೆಂದು ಅನೇಕರು ಭಾವಿಸಿದರು. ಆದರೆ ರೈಟನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ.

1936ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ರೆಸೀನ್ ನಗರದ ಜಾನ್ಸನ್ ಮೇಣದ ಸಂಸ್ಥೆಯ ಕಾರ್ಯಾಲಯವನ್ನು ನಿರ್ಮಿಸುವ ಹೊಣೆ ಆತನಿಗೆ ದೊರೆಯಿತು. ಬಾಗಿದ ಗೋಡೆಗಳಿಗಾಗಿ ಇನ್ನೂರಕ್ಕೂ ಹೆಚ್ಚು ಆಕಾರದ ಇಟ್ಟಿಗೆಗಳನ್ನು ಮಾಡಿಸಿದನು. ಹೊರಗೂ ಒಳಗೂ ಇಟ್ಟಿಗೆ. ನಡುವೆ ಬೆಂಡು ಹಾಗೂ ಕಾಂಕ್ರೀಟು. ಮೇಲ್ಭಾಗದಲ್ಲಿ ಬೆಳಕಿಗಾಗಿ ಗಾಜಿನ ಕೊಳವೆಗಳ ಸಾಲು; ಅವುಗಳ ಒಟ್ಟು ಉದ್ದ ಸುಮಾರು 43 ಮೈಲಿ. ಶೀತಕಾಲಕ್ಕೆಂದು ನೆಲದಡಿಯಲ್ಲಿ ಉಗಿಯ ಕೊಳವೆಗಳನ್ನು ಹಾಸಿದನು.

ಕಟ್ಟಡದ ಕಂಬಗಳು ಅತ್ಯಂತ ವಿಲಕ್ಷಣವಾದವು. ಬುಡದಲ್ಲಿ 9 ಅಂಗುಲ ಅಗಲವುಳ್ಳ ಕಂಬವು ಮೇಲೆ ಹದಿನೆಂಟೂವರೆ ಅಡಿ ವ್ಯಾಸದ ತಾವರೆಯೆಲೆಯಂತೆ ಹರಡಿಕೊಳ್ಳುತ್ತಿತ್ತು. ಇಷ್ಟು ಕೃಶವಾದ ಕಂಬವು ಭಾರವನ್ನು ಹೊರಲಾರದೆಂದು ಅಧಿಕಾರಿಗಳು ಅನುಮತಿಯನ್ನು ತಡೆಹಿಡಿದರು; ಹನ್ನೆರಡು ಟನ್ನುಗಳನ್ನು ಹೊತ್ತು ತೋರಿಸಬೇಕೆಂದು ವಿಧಿಸಿದರು. 1937ರ ಜೂನ್ ತಿಂಗಳಲ್ಲಿ ಕಂಬವೊಂದನ್ನು ನಿಲ್ಲಿಸಿ ಮರಳನ್ನೂ ಕಬ್ಬಿಣವನ್ನೂ ಹೇರಲಾಯಿತು. ಹನ್ನೆರಡು ದಾಟಿತು, ಮೂವತ್ತು ದಾಟಿತು. ಅರುವತ್ತು ಟನ್ನುಗಳಷ್ಟು ಭಾರವನ್ನು ಹೊತ್ತ ಬಳಿಕವೇ ಅದನ್ನು ಕೆಡವಲಾಯಿತು. ಅನುಮತಿಯು ದೊರೆಯಿತು, 1939ರಲ್ಲಿ ಕಾರ್ಯಾಲಯವು ತೆರೆಯಿತು.

ಆ ಕೃತಿಯು ದೋಷರಹಿತವೇನೂ ಆಗಿರಲಿಲ್ಲ. ಗಾಜಿನ ಕೊಳವೆಗಳ ಸಂದುಗಳಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಮುಂದೆ ಛಾವಣಿಯನ್ನು ಸರಿಪಡಿಸಬೇಕಾಯಿತು. ಹಳೆಯದರ ಗುಣವು ಅನುಭವಸಿದ್ಧ. ಹೊಸದರ ಗುಣವನ್ನು ಕಾಲವೇ ಪರೀಕ್ಷಿಸಬೇಕು. ಇಟ್ಟಿಗೆಯ ಗೋಡೆ ನಿಂತಿತು, ಗಾಜಿನ ಸಂದು ಸೋರಿತು.

1950ರಲ್ಲಿ ಲಾರ್ಕಿನ್ ಕಟ್ಟಡವು ನೆಲಸಮವಾದುದನ್ನು ರೈಟನು ತನ್ನ ಜೀವಿತಕಾಲದಲ್ಲಿಯೇ ಕಾಣಬೇಕಾಯಿತು. ಅದೇ ವರ್ಷ ಜಾನ್ಸನ್ ಸಂಸ್ಥೆಯ ಸಂಶೋಧನಾ ಗೋಪುರವು ಇಟ್ಟಿಗೆ, ಗಾಜುಗಳಿಂದಲೇ ತಲೆಯೆತ್ತಿತು. 1959ರ ಏಪ್ರಿಲ್ 9ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಆತನು ಕಾಲವಶನಾದನು. 1976ರಲ್ಲಿ ಅಮೆರಿಕವು ಜಾನ್ಸನ್ ಕಾರ್ಯಾಲಯವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಅರವತ್ತೊಂಬತ್ತರ ವೃದ್ಧನು ತನ್ನ ವಿದ್ಯೆಯನ್ನು ಬಹಿರಂಗವಾಗಿ ಭಾರಕ್ಕೊಡ್ಡಿ ಗೆದ್ದ ಆ ಜೂನ್ ದಿನವು ಕಲಿಯುವವರಿಗೂ ಕಲಿಸುವವರಿಗೂ ಸ್ಮರಣೀಯ.