ಕಂಬಳಿಯೊಳಗೆ ಮಲಗುವುದನ್ನು ಯಾರು ಹೇಳಿಕೊಡಬೇಕು?

ಪೋಷಕರೇ, ಕನ್ನಡ ಶಾಲೆಯಲ್ಲಿ ಓದಿದ ಮಗು ನಾಳೆ ಹೊರದೇಶದ ವಿಶ್ವವಿದ್ಯಾಲಯಕ್ಕೆ ಹೋದರೆ ಹೊಂದಿಕೊಂಡೀತೇ ಎಂದು ನೀವು ಕೇಳುತ್ತೀರಿ. ಕನ್ನಡ, ತಮಿಳು ಎರಡರಲ್ಲೂ ಓದಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು ಒಬ್ಬರ ಬದುಕನ್ನೇ ಉತ್ತರವಾಗಿ ಹೇಳುತ್ತೇನೆ.

ತಾಳವಾಡಿಯ ಕನ್ನಡಿಗರಿಗೆ ಈರೋಡು ಜಿಲ್ಲಾ ಕೇಂದ್ರ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಆ ಊರಿನಲ್ಲೇ, 1887ರ ಡಿಸೆಂಬರ್ 22ರಂದು. ಬೆಳೆದದ್ದು ಕುಂಭಕೋಣದಲ್ಲಿ. ಗಣಿತ ಬಿಟ್ಟು ಬೇರೆ ವಿಷಯಕ್ಕೆ ಮನಸ್ಸು ಕೊಡದೆ ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು. ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದಾಗ, 1913ರಲ್ಲಿ, ಕೇಂಬ್ರಿಡ್ಜಿನ ಪ್ರಾಧ್ಯಾಪಕ ಹಾರ್ಡಿಯವರಿಗೆ ತಮ್ಮ ಸೂತ್ರಗಳನ್ನು ಬರೆದು ಕಳುಹಿಸಿದರು. ಅಲ್ಲಿಂದ ಕರೆ ಬಂತು. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವಿದ್ಯಾರ್ಥಿವೇತನ ಕೊಟ್ಟಿತು. 1914ರ ಮಾರ್ಚ್ 17ರಂದು ಹಡಗು ಹತ್ತಿದರು.

ಟ್ರಿನಿಟಿ ಕಾಲೇಜಿನಲ್ಲಿ ಅವರನ್ನು ಕಾಡಿದ್ದು ಗಣಿತವಲ್ಲ. ಚಳಿ ಮತ್ತು ಊಟ. ಮುಂದೆ ಸಂಖ್ಯಾಶಾಸ್ತ್ರಕ್ಕೆ ಹೆಸರಾದ ಮಹಾಲನೋಬಿಸ್ ಆಗ ಕೇಂಬ್ರಿಡ್ಜಿನಲ್ಲೇ ಬೇರೊಂದು ಕಾಲೇಜಿನ ವಿದ್ಯಾರ್ಥಿ. ಒಂದು ದಿನ ಅವರು ಬಂದಾಗ ರಾಮಾನುಜನ್ ಬೆಂಕಿಯ ಹತ್ತಿರ ಕುಳಿತಿದ್ದರು. ರಾತ್ರಿ ಓವರ್‌ಕೋಟು ತೊಟ್ಟು, ಶಾಲು ಹೊದ್ದು ಮಲಗಿದರೂ ಚಳಿ ಬಿಡುತ್ತಿರಲಿಲ್ಲ. ಮಂಚದ ಮೇಲೆ ಕಂಬಳಿಗಳೇನೋ ಇದ್ದವು, ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಮಡಚಿಟ್ಟಿದ್ದರು. ಅವನ್ನು ಎತ್ತಿ ಒಳಗೆ ಸೇರಿಕೊಳ್ಳಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಮಹಾಲನೋಬಿಸ್ ತೋರಿಸಿಕೊಟ್ಟರು.

ಅವರು ಕಟ್ಟಾ ಸಸ್ಯಾಹಾರಿ. ಕಾಲೇಜಿನ ಊಟದ ಮನೆಗೆ ಹೋಗದೆ ಕೋಣೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಬರಬರುತ್ತಾ ಬೇಕಾದ ಪದಾರ್ಥಗಳು ಸಿಗುವುದು ಕಷ್ಟವಾಯಿತು. ಲೆಕ್ಕದಲ್ಲಿ ಮುಳುಗಿದರೆ ಊಟಕ್ಕೂ ನಿದ್ದೆಗೂ ಹೊತ್ತಿಲ್ಲ. ಮನೆಯ ಪತ್ರಗಳೂ ವಿರಳವಾದವು.

1916ರಲ್ಲಿ ಸಂಶೋಧನೆಗೆ ಬಿ.ಎ. ಪದವಿ ಬಂತು. 1917ರಲ್ಲಿ ಕಾಯಿಲೆ ಬಿದ್ದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಟ್ರಿನಿಟಿಯ ಫೆಲೋ ಕೂಡ. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಯಿಲೆ ಯಾವುದೆಂಬುದರಲ್ಲಿ ವೈದ್ಯರಿಗೆ ಇಂದಿಗೂ ಒಮ್ಮತವಿಲ್ಲ. ಆದರೆ ಹೊಟ್ಟೆಗೆ ಸರಿಯಾಗಿ ಬೀಳದ, ಒಂಟಿಯಾದ ದಿನಗಳು ಆ ದೇಹಕ್ಕೆ ಒಳ್ಳೆಯದು ಮಾಡಲಿಲ್ಲ.

ನೆನಪಿಡಿ, ರಾಮಾನುಜನ್ ಹೈಸ್ಕೂಲು ಓದಿದ್ದು ಇಂಗ್ಲಿಷಿನಲ್ಲೇ. ಆ ಇಂಗ್ಲಿಷ್ ಅವರಿಗೆ ಕಂಬಳಿಯ ವಿಷಯ ಹೇಳಿಕೊಡಲಿಲ್ಲ. ಹಾಗಾಗಿ ಮಾಧ್ಯಮದ ಚಿಂತೆ ಬಿಡಿ. ಅನ್ನ, ಸಾರು ಮಾಡುವುದನ್ನು ಮಗನಿಗೂ ಮಗಳಿಗೂ ಈಗಲೇ ಕಲಿಸಿ. ನಾಲ್ಕು ಜನರ ಜೊತೆ ಕುಳಿತು ಉಣ್ಣುವ ರೂಢಿ ಮಾಡಿಸಿ. ಗೊತ್ತಿಲ್ಲದ್ದನ್ನು ನಾಚದೆ ಕೇಳಲು ಹೇಳಿ. ಮಗು ದೂರ ಹೋದ ಮೇಲೆ ಅಂಕ ಎಷ್ಟು ಎಂದು ಕೇಳುವ ಮೊದಲು, ಊಟ ಆಯಿತೇ, ಚೆನ್ನಾಗಿ ನಿದ್ದೆ ಬಂತೇ ಎಂದು ನೀವೇ ಕೇಳಿ.